ಪುಟ್ಟಿಯ ಲಸಿಕೆಗೆ ಹೆಸರು ಬರೆಸಿದ ಕಥೆ

ಕಳೆದ ಗುರುವಾರ ಮಗಳಿಗೆ ಒಂಬತ್ತು ತಿಂಗಳ ಲಸಿಕೆ ಹಾಕಿಸಿಕೊಂಡು ಬಂದೆ. ಸೂಜಿ ಚುಚ್ಚಿದ್ದು, ಅವಳು ಅತ್ತಿದ್ದು, ಸುಮ್ಮನಾಗಿದ್ದು ಎಲ್ಲ ಸೇರಿ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ದಾರಿ ಮಾಡಿಕೊಳ್ಳೋಕೆ ಜೂನ್‌ನಲ್ಲೇ ಶುರು ಮಾಡಿದ್ದೆ. ಬೆಂಗಳೂರಿನಲ್ಲಿ ಹೆರಿಗೆ ಮಾಡಿಸಿಕೊಂಡು ಮಗು ಎತ್ತಿಕೊಂಡು ಊರಿಗೆ ಬರುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಅವರಾದರೂ ನನ್ನ ಹಾಗೆ ಪರದಾಡೋದು ಬೇಡ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆ ಸೋಮವಾರಪೇಟೆ ತಾಲೂಕಿನಲ್ಲಿ, ಪುಷ್ಪಗಿರಿ ಬೆಟ್ಟದ ಕಡೆ. ಪುಟ್ಟಿ ಹುಟ್ಟಿದ್ದು ಜನವರಿಯಲ್ಲಿ, ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹುಟ್ಟಿದಾಗಿನ ಲಸಿಕೆ, ಆರು ವಾರದ್ದು, ಹತ್ತು ವಾರದ್ದು ಎಲ್ಲ ಅಲ್ಲೇ ಆಯಿತು. ಹದಿನಾಲ್ಕು ವಾರಕ್ಕೆ ಸರಿಯಾಗಿ ಅವಳಿಗೆ ಶೀತ, ಮೈ ಬೆಚ್ಚಗೆ. ಮುಂದಿನ ವಾರ ಹೋದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಇಲ್ಲಿ ಮಾವ ಕಣದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ತೋಟ ನೋಡೋಕೆ ಜನ ಇಲ್ಲ. ನಮ್ಮನೆಯವರು ಕೆಲಸ ಬಿಟ್ಟರು, ಮೇ ತಿಂಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಂದುಬಿಟ್ಟೆವು. ಸಾಮಾನು ಬಿಚ್ಚಿ, ಮಾವನ ಆಸ್ಪತ್ರೆ ಓಡಾಟ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಆ ‘ಮುಂದಿನ ವಾರ’ ಅನ್ನೋದು ಜೂನ್‌ಗೆ ಬಂದು ನಿಂತಿತ್ತು.

ಇಲ್ಲೇ ಒಂದು ಮಾತು. ಸಣ್ಣ ಶೀತ, ಕೆಮ್ಮು, ಮೈ ಬೆಚ್ಚಗಿರೋದಕ್ಕೆಲ್ಲ ಲಸಿಕೆ ಮುಂದೂಡಬೇಕಿಲ್ಲವಂತೆ. ಇದನ್ನು ಆಮೇಲೆ ಸಿಸ್ಟರ್ ಹೇಳಿದರು, ಹೇಳಿದ್ದಕ್ಕಿಂತ ಬೈದರು ಅನ್ನಬಹುದು. ನಿಮ್ಮಷ್ಟಕ್ಕೆ ನೀವೇ ತೀರ್ಮಾನ ಮಾಡಬೇಡಿ, ಮಗುವನ್ನು ಕರೆದುಕೊಂಡು ಹೋಗಿ ಕೇಳಿ.

ಕೋವಿಡ್ ಸಮಯದಲ್ಲಿ ಕೋವಿನ್ ಮುಂದೆ ರಾತ್ರಿ ಹಗಲು ಕೂತು ಸ್ಲಾಟ್ ಹಿಡಿದವರು ನಾವು. ಈಗ ಮಕ್ಕಳಿಗೆ, ಗರ್ಭಿಣಿಯರಿಗೆ ಅದೇ ಥರ ಯು-ವಿನ್ ಅಂತ ಇದೆ. ಮೊಬೈಲ್ ನಂಬರ್ ಹಾಕಿದರೆ ಒಟಿಪಿ ಬರುತ್ತೆ, ಮಗುವಿನ ವಿವರ ತುಂಬಿ ಹತ್ತಿರದ ಕೇಂದ್ರ ಹುಡುಕಿ ಹೆಸರು ಬರೆಸಬಹುದು. ಕನ್ನಡದಲ್ಲೂ ಇದೆ. ಇದೇನು ಮಹಾ ಅಂದುಕೊಂಡೆ. ಆದರೆ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗೋದು ಎರಡೇ ಕಡೆ. ಒಂದು ಬಚ್ಚಲು ಒಲೆಯ ಹಿಂದಿನ ಕಟ್ಟೆ, ಇನ್ನೊಂದು ಕಣದ ಮೂಲೆಯ ಹಲಸಿನ ಮರದ ಬುಡ. ಕಟ್ಟೆ ಮೇಲೆ ಮಾತಾಡೋಕೆ ಆಗುತ್ತೆ, ಇಂಟರ್ನೆಟ್ ಬೇಕಂದರೆ ಹಲಸಿನ ಮರವೇ. ಜೂನ್ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು, ಕಾಲಿಗೆ ಜಿಗಣೆ. ಮೂರನೇ ದಿನಕ್ಕೆ ನನ್ನ ನಂಬರಿನಲ್ಲಿ ನೋಂದಣಿ ಆಯಿತು. ನಮ್ಮ ಪಿಎಚ್‌ಸಿಯೂ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರವೂ ಸಿಕ್ಕಿತು, ಮುಂದಿನ ಗುರುವಾರಕ್ಕೆ ಬುಕ್ ಆಯಿತು ಅಂತ ತೋರಿಸಿತು. ಸ್ಕ್ರೀನ್‌ಶಾಟ್ ತೆಗೆದು ನಮ್ಮನೆಯವರಿಗೆ ಕಳಿಸಿ ದೊಡ್ಡ ಕೆಲಸ ಗೆದ್ದವಳ ಹಾಗೆ ಒಳಗೆ ಬಂದೆ.

ಒಂದನ್ನು ಮಾತ್ರ ಗಮನಿಸಿರಲಿಲ್ಲ. ಆ ಪುಟದಲ್ಲಿ ಪುಟ್ಟಿಗೆ ಹುಟ್ಟಿದಾಗಿನಿಂದ ಒಂದೂ ಲಸಿಕೆ ಆಗಿಲ್ಲ ಅಂತ ಇತ್ತು.

ಮೊದಲನೇ ಗುರುವಾರ ಹೋಗೋಕೆ ಆಗಲಿಲ್ಲ. ಹಿಂದಿನ ರಾತ್ರಿ ಗಾಳಿಗೆ ಸಿಲ್ವರ್ ಮರವೊಂದು ರಸ್ತೆಗೆ ಅಡ್ಡ ಬಿದ್ದು ಬಸ್ಸೇ ಬರಲಿಲ್ಲ. ಶಾಲೆಗೆ ಡಿಸಿ ರಜೆ ಕೊಟ್ಟಿದ್ದರು, ಲಸಿಕೆಗೆ ರಜೆ ಇದೆಯೋ ಇಲ್ಲವೋ ಕೇಳೋಣ ಅಂದರೆ ಕರೆಂಟಿಲ್ಲದೆ ಟವರೂ ಸತ್ತಿತ್ತು. ಎರಡನೇ ಗುರುವಾರ ಜೀಪು ಮಾಡಿಕೊಂಡು ಹೋದೆವು. ಹೋಗಿ ಬರೋಕೆ 600 ರೂಪಾಯಿ.

ಪಿಎಚ್‌ಸಿಯಲ್ಲಿ ನಮಗಿಂತ ಮುಂಚೆ ಎಂಟೋ ಒಂಬತ್ತೋ ಮಕ್ಕಳಿದ್ದವು. ಹೊರಗೆ ಜಗಲಿಯಲ್ಲಿ ಒದ್ದೆ ಕೊಡೆಗಳ ರಾಶಿ. ಒಂದು ಮಗು ಅತ್ತರೆ ಸಾಕು, ಉಳಿದವೆಲ್ಲ ಏನೂ ಆಗದೆಯೇ ಅಳೋಕೆ ಶುರು. ಒಂದೂವರೆ ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು. ನಾನು ಫೋನ್ ತೆಗೆದು ಬುಕಿಂಗ್ ತೋರಿಸಿದೆ. ಸಿಸ್ಟರ್ ಅದನ್ನು ನೋಡಿ, ತಮ್ಮ ಮುಂದಿದ್ದ ಹಾಳೆ ನೋಡಿ, “ಇದು ಹೋದ ವಾರದ್ದು. ಇವತ್ತಿನ ಡ್ಯೂ ಲಿಸ್ಟಲ್ಲಿ ನಿಮ್ಮ ಮಗು ಹೆಸರೇ ಇಲ್ಲವಲ್ಲ. ಯಾವ ಊರು? ತಾಯಿ ಕಾರ್ಡ್ ಎಲ್ಲಿ?” ಅಂದರು.

ತಾಯಿ ಕಾರ್ಡ್, ಅಂದರೆ ಬಸುರಿಯಾದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಕೊಡುವ ಕಾರ್ಡು, ನಾನು ಮಾಡಿಸಿಯೇ ಇರಲಿಲ್ಲ. ಖಾಸಗಿ ಆಸ್ಪತ್ರೆಗೆ ಹೋಗುವವರಿಗೆ ಅದೆಲ್ಲ ಯಾಕೆ ಅಂತ ಬಿಟ್ಟಿದ್ದೆ. ಬದಲಿಗೆ ಆಸ್ಪತ್ರೆಯವರು ಕೊಟ್ಟ ಬಣ್ಣದ ಫೈಲು ಕೊಟ್ಟೆ. ಅದರಲ್ಲಿ ಆನೆ, ಚಿಟ್ಟೆಗಳ ಚಿತ್ರ ಚೆನ್ನಾಗಿವೆ. ಲಸಿಕೆಯ ಜಾಗದಲ್ಲಿ ಮಾತ್ರ ಬಾಟಲಿಯಿಂದ ಕಿತ್ತು ಅಂಟಿಸಿದ ಸ್ಟಿಕರ್‌ಗಳು, ಅದರ ಮೇಲೆ ಇಂಗ್ಲಿಷಿನಲ್ಲಿ ಕಂಪನಿ ಇಟ್ಟ ಹೆಸರು. ಯಾವ ರೋಗದ ಲಸಿಕೆ ಅಂತ ಎಲ್ಲೂ ಇಲ್ಲ.

ಇದು ಯಾಕೆ ಮುಖ್ಯ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಸರ್ಕಾರಿ ಪಟ್ಟಿಯಲ್ಲಿ ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾ ಅಂತ ಕೊಡುತ್ತಾರೆ, ಐದು ರೋಗಕ್ಕೆ ಒಂದೇ ಇಂಜೆಕ್ಷನ್. ಪೋಲಿಯೋದ್ದು ಹನಿ ಬೇರೆ, ಚುಚ್ಚೋದು ಬೇರೆ. ನಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿ ಹಾಕಿದ್ದು ಆರು ಸೇರಿದ ಲಸಿಕೆ, ಪೋಲಿಯೋ ಅದರ ಒಳಗೇ ಇದೆ. ಭೇದಿಗೆ ಕೊಡುವ ರೋಟಾ ಹನಿಯಲ್ಲೂ ಹಾಗೇ, ಇಲ್ಲಿ ಕೊಡೋದು ಮೂರು ಸಲ, ಅಲ್ಲಿ ಕೊಟ್ಟಿದ್ದು ಎರಡೇ ಡೋಸಿಗೆ ಮುಗಿಯುವ ಬೇರೆ ಕಂಪನಿಯದು. ನ್ಯುಮೋನಿಯಾದ್ದು, ಅಂದರೆ ಪಿಸಿವಿ, ಸರ್ಕಾರಿ ಪಟ್ಟಿಯಲ್ಲಿ ಆರು ವಾರ, ಹದಿನಾಲ್ಕು ವಾರ, ಆಮೇಲೆ ಒಂಬತ್ತು ತಿಂಗಳು. ಖಾಸಗಿಯಲ್ಲಿ ಹತ್ತು ವಾರಕ್ಕೂ ಹಾಕಿಬಿಟ್ಟಿದ್ದರು. ಹೀಗೆ ಎರಡು ಪಟ್ಟಿ ಒಂದರ ಮೇಲೊಂದು ಕೂತಾಗ ಮುಂದೇನು ಹಾಕಬೇಕು ಅನ್ನೋದು ಡಾಕ್ಟ್ರು ನೋಡಿ ಹೇಳಬೇಕು. ಅವತ್ತು ಡಾಕ್ಟ್ರು ಮಡಿಕೇರಿಗೆ ಮೀಟಿಂಗ್‌ಗೆ ಹೋಗಿದ್ದರು.

“ಸುಮ್ನೆ ಊಹೆ ಮೇಲೆ ಹಾಕೋಕಾಗಲ್ಲಮ್ಮ” ಅಂದರು ಸಿಸ್ಟರ್. ಅವರು ಹೇಳಿದ್ದು ಸರಿಯೇ. ಆದರೆ ಆ ಹೊತ್ತಿಗೆ ನನಗೆ ಹಾಗೆ ಅನ್ನಿಸಲಿಲ್ಲ. ಜೀಪಿನಲ್ಲಿ ವಾಪಸ್ ಬರುವಾಗ ಅಳು ಬಂತು. ಮಗು ನಿದ್ದೆ ಮಾಡಿತ್ತು, ಡ್ರೈವರ್ ಕನ್ನಡಿಯಲ್ಲಿ ನೋಡಿ ಏನೂ ಕೇಳದೆ ಹಾಡಿನ ಸೌಂಡ್ ಕಡಿಮೆ ಮಾಡಿದರು. ಆರು ತಿಂಗಳ ಹತ್ತಿರ ಬಂದ ಮಗುವಿಗೆ ಹದಿನಾಲ್ಕು ವಾರದ ಲಸಿಕೆ ಆಗಿಲ್ಲ, ಎಲ್ಲ ಮೊದಲಿನಿಂದ ಹಾಕಿಸಬೇಕಾಗುತ್ತೇನೋ ಅನ್ನೋದು ದೊಡ್ಡ ಭಯ. ನಿಮಗೂ ಆ ಭಯ ಇದ್ದರೆ ಬಿಡಿ. ತಡವಾಯಿತು ಅಂತ ಶುರುವಿನಿಂದ ಹಾಕಬೇಕಿಲ್ಲ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಾರೆ.

ಮಾರನೇ ದಿನ ಸಂಜೆ ಆಶಾ ಅಕ್ಕ ಮನೆಗೇ ಬಂದರು. ಸಿಸ್ಟರ್ ಫೋನ್ ಮಾಡಿ ಹೇಳಿದ್ದರಂತೆ. ನಾವು ಊರಿಗೆ ಬಂದು ತಿಂಗಳಾದರೂ ಅವರಿಗೆ ತಿಳಿಸಿರಲಿಲ್ಲ, ತಪ್ಪು ನಮ್ಮದೇ. ಅತ್ತೆ ಕಾಫಿ ಕೊಟ್ಟರು. ಅವರು ನೆನೆದ ರೇನ್‌ಕೋಟ್ ಹೊರಗೆ ಗೂಟಕ್ಕೆ ಹಾಕಿ, ಪ್ಲಾಸ್ಟಿಕ್ ಕವರಿನಿಂದ ಡೈರಿ ತೆಗೆದು, ಪುಟ್ಟಿ ಹೆಸರು, ಹುಟ್ಟಿದ ತಾರೀಖು, ನನ್ನ ಹೆಸರು ಎಲ್ಲ ಬರೆದುಕೊಂಡರು. ನಾನು ಮರದ ಕೆಳಗೆ ನಿಂತು ಮೂರು ದಿನ ಒದ್ದಾಡಿದ್ದಕ್ಕಿಂತ ಆ ಒಂದು ಸಾಲು ಜಾಸ್ತಿ ಕೆಲಸ ಮಾಡಿತು. ಯಾಕಂದರೆ ಯಾವ ಮಗುವಿಗೆ ಯಾವಾಗ ಏನು ಹಾಕಬೇಕು ಅನ್ನೋ ಡ್ಯೂ ಲಿಸ್ಟ್ ತಯಾರಾಗೋದು ಇಂಥ ಡೈರಿಗಳಿಂದ. ಊರು ಬದಲಾಯಿಸಿದ ವಾರದಲ್ಲೇ ಆಶಾ ಕಾರ್ಯಕರ್ತೆ ಯಾರು ಅಂತ ಅಂಗನವಾಡಿಯಲ್ಲಿ ಕೇಳಿ ತಿಳಿದುಕೊಳ್ಳಿ, ಆನ್‌ಲೈನ್ ಆಮೇಲೆ.

ಅಕ್ಕ ನನ್ನ ಫೋನ್ ನೋಡಿದವರೇ, “ಇದೇನಮ್ಮ, ಒಂದೂ ಲಸಿಕೆ ಆಗಿಲ್ಲ ಅಂತಿದೆ? ಹುಟ್ಟಿದ ಆಸ್ಪತ್ರೆಯಲ್ಲೇ ಹೆಸರು ಹಾಕಿರ್ತಾರೆ. ಅಲ್ಲಿ ಯಾರ ನಂಬರ್ ಕೊಟ್ಟಿದ್ರಿ?” ಅಂದರು.

ಯಾರ ನಂಬರ್? ನನ್ನದಲ್ಲ. ನಮ್ಮನೆಯವರದ್ದು ಹಾಕಿ ನೋಡಿದರೆ ಅಲ್ಲೂ ಏನಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ. ಮೊದಲ ಸಲ ಸಂಗೀತ ಕೇಳಿಸಿ ಕಟ್ ಆಯಿತು, ಎರಡನೇ ಸಲ ಇನ್ನೊಂದು ನಂಬರ್ ಕೊಟ್ಟರು, ಮೂರನೇ ಸಲ ಫೈಲ್ ತಗೊಂಡು ಖುದ್ದಾಗಿ ಬನ್ನಿ ಅಂದರು. ಕೊಡಗಿನಿಂದ ಬೆಂಗಳೂರಿಗೆ, ಒಂದು ಫೋನ್ ನಂಬರ್ ಕೇಳೋಕೆ! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ರಾತ್ರಿ ಹಾಲು ಕುಡಿಸುವಾಗ ನೆನಪಾಯಿತು. ಅಡ್ಮಿಟ್ ಆದ ದಿನ ನಮ್ಮನೆಯವರು ದುಡ್ಡು ಕಟ್ಟೋಕೆ ಹೋಗಿದ್ದರು, ಫಾರಂ ತುಂಬಿದ್ದು ಅಮ್ಮ.

ಅಮ್ಮ ಇರೋದು ಅರಕಲಗೂಡು ಹತ್ತಿರ. ಬಚ್ಚಲಿನ ಹಿಂದಿನ ಕಟ್ಟೆ ಮೇಲೆ ನಿಂತು ಫೋನ್ ಮಾಡಿದೆ. ಹಲಸಿನ ಮರದ ಕೆಳಗೆ ನಮ್ಮನೆಯವರು ಇನ್ನೊಂದು ಫೋನ್ ಹಿಡಿದು ರೆಡಿ.

“ಅಮ್ಮ, ನಿಂಗೆ ಈಗ ಒಂದು ಮೆಸೇಜ್ ಬರುತ್ತೆ. ಅದರಲ್ಲಿರೋ ನಂಬರ್ ಹೇಳು.”

“ಒಟಿಪಿನಾ?”

“ಹೂಂ.”

“ಹೇಳಲ್ಲ. ಒಟಿಪಿ ಯಾರಿಗೂ ಕೊಡಬಾರದು ಅಂತ ಬ್ಯಾಂಕಲ್ಲಿ ಹೇಳಿದಾರೆ.”

“ಅಮ್ಮ, ನಾನು ನಿನ್ನ ಮಗಳು ಕಣೇ.”

“ದನಿ ಅವಳ ಥರಾನೇ ಇದೆ. ಈಗೆಲ್ಲ ದನೀನೂ ಮಾಡ್ತಾರಂತೆ.”

ನಮ್ಮ ಕೊಟ್ಟಿಗೆಯಲ್ಲಿ ಕರು ಹಾಕಿರೋ ಹಸುವಿನ ಹೆಸರೇನು ಅಂತ ಕೇಳಿದಳು. ಗೌರಿ ಅಂದೆ. ಕರುವಿನ ಹಣೆಯಲ್ಲಿ ಬಿಳಿ ಬೊಟ್ಟು ಇದೆಯಾ ಇಲ್ವಾ ಅಂತ ಕೇಳಿದಳು. ಇದೆ ಅಂದೆ. ಪರೀಕ್ಷೆಯಲ್ಲಿ ಪಾಸಾದೆ, ಅಷ್ಟರಲ್ಲಿ ಒಟಿಪಿ ಸಮಯ ಮುಗಿದಿತ್ತು. ಎರಡನೇ ಸಲ ಅವಳು ಹೇಳಿದ ನಂಬರನ್ನು ನಾನು ಕಟ್ಟೆಯಿಂದ ಕೂಗಿದೆ, ಮಳೆ ಸದ್ದಿಗೆ ನಮ್ಮನೆಯವರಿಗೆ ಆರು ಕೇಳಿಸಿತೋ ನೂರು ಕೇಳಿಸಿತೋ, ತಪ್ಪಾಯಿತು. ಮೂರನೇ ಸಲಕ್ಕೆ ಅತ್ತೆಯನ್ನು ಮಧ್ಯೆ ಅಂಗಳದಲ್ಲಿ ಕೊಡೆ ಹಿಡಿದು ನಿಲ್ಲಿಸಿದೆವು. ನಾನು ಅತ್ತೆಗೆ, ಅತ್ತೆ ಮಗನಿಗೆ. ತೆರೆದುಕೊಂಡಿತು.

ಅಲ್ಲಿತ್ತು ಎಲ್ಲ. ಹುಟ್ಟಿದಾಗಿನ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ, ಆಮೇಲಿನ ಎರಡು ಸಲದ್ದೂ. ಮಗುವಿನ ಹೆಸರು ಮಾತ್ರ ‘ಬೇಬಿ ಆಫ್’ ಅಂತ ಹಾಕಿ ಮುಂದೆ ನನ್ನ ಹೆಸರು. ನಾಮಕರಣಕ್ಕೆ ಮುಂಚೆಯೇ ನೋಂದಣಿ ಆಗುವುದರಿಂದ ಹಾಗೆಯೇ ಇರುತ್ತೆ. ನಾನು ನನ್ನ ನಂಬರಿನಲ್ಲಿ ಹೊಸದಾಗಿ ಮಾಡಿದ್ದರಿಂದ ಒಂದೇ ಮಗು ಎರಡು ಮಗು ಆಗಿ ಕೂತಿತ್ತು. ನೀವು ಹೊಸದಾಗಿ ನೋಂದಣಿ ಮಾಡುವ ಮುಂಚೆ ಹಳೆಯದು ಇದೆಯಾ ಅಂತ ಮನೆಯವರೆಲ್ಲರ ನಂಬರ್ ಹಾಕಿ ನೋಡಿ. ಇನ್ನೂ ಹೆರಿಗೆ ಆಗದವರು ಆಸ್ಪತ್ರೆಯಲ್ಲಿ ಕೊಡುವ ನಂಬರ್ ಯಾವಾಗಲೂ ನಿಮ್ಮ ಕೈಯಲ್ಲಿರುವ ಫೋನಿನದ್ದೇ ಆಗಿರಲಿ.

ಹೆಸರಿನ ವಿಷಯಕ್ಕೆ ಇನ್ನೊಂದು. ಜನನ ಪ್ರಮಾಣಪತ್ರದಲ್ಲೂ ಪುಟ್ಟಿಯ ಹೆಸರು ಇರಲಿಲ್ಲ. ಜನನ ನೋಂದಣಿಯಾಗಿ 12 ತಿಂಗಳ ಒಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ ಕಟ್ಟಬೇಕಾಗುತ್ತೆ. ನಾಮಕರಣದ ಊಟದ ಗಡಿಬಿಡಿಯಲ್ಲಿ ಇದನ್ನು ಮರೆಯುವವರೇ ಜಾಸ್ತಿ. ನಾವೂ ಮರೆತಿದ್ದೆವು.

ಜುಲೈನಲ್ಲಿ ಒಂದು ಗುರುವಾರ ಮತ್ತೆ ಪಿಎಚ್‌ಸಿಗೆ ಹೋದೆ, ಈ ಸಲ ಡಾಕ್ಟ್ರು ಇದ್ದಾರಾ ಅಂತ ಆಶಾ ಅಕ್ಕನಿಂದ ಕೇಳಿಸಿಕೊಂಡು, ಬಸ್ಸಿನಲ್ಲಿ. ಡಾಕ್ಟ್ರು ಇನ್ನೂ ಚಿಕ್ಕ ವಯಸ್ಸಿನವರು. ಸ್ಟಿಕರ್‌ಗಳನ್ನು ಒಂದೊಂದಾಗಿ ಓದಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ರೋಗದ ಹೆಸರು ಬರೆಯುತ್ತಾ ಹೋದರು. ರೋಟಾ ಮುಗಿದಿದೆ, ಪೆಂಟಾ ಒಂದು ಬಾಕಿ, ಪೋಲಿಯೋ ಬಾಕಿ, ಪಿಸಿವಿ ಒಂದು ಈಗ, ಒಂದು ಒಂಬತ್ತು ತಿಂಗಳಿಗೆ. ಸಿಸ್ಟರ್ ಹೊಸ ಕಾರ್ಡ್ ಕೊಟ್ಟು ಹಳೆಯದೆಲ್ಲ ಅದರಲ್ಲಿ ಇಳಿಸಿದರು. ಅಮ್ಮನ ನಂಬರಿನಲ್ಲಿದ್ದ ದಾಖಲೆಯನ್ನೇ ಉಳಿಸಿಕೊಂಡು, ‘ಬೇಬಿ ಆಫ್’ ತೆಗೆದು ಹೆಸರು ಸೇರಿಸಿದ್ದೂ ಅವರೇ, ತಮ್ಮ ಮೊಬೈಲಿನಲ್ಲಿ. ನನ್ನ ನೋಂದಣಿ ಹಾಗೇ ಬಿದ್ದಿರಲಿ ಅಂದರು. ಆದರೆ ಅಷ್ಟೊತ್ತಿಗೆ ಹನ್ನೆರಡೂವರೆ ಬಸ್ಸಿನ ಹೊತ್ತಾಗಿತ್ತು, ಲಸಿಕೆ ಹಾಕಿಸೋಕೆ ನಿಂತರೆ ಬಸ್ ಹೊರಟುಬಿಡುತ್ತೆ, ಮತ್ತೆ ಸಂಜೆಗೇ. ಸಿಸ್ಟರೇ ಒಂದು ದಾರಿ ಹೇಳಿದರು. ಮುಂದಿನ ವಾರ ನಿಮ್ಮೂರ ಅಂಗನವಾಡಿಗೇ ಬರ್ತೀವಿ, ಅಲ್ಲೇ ಹಾಕ್ತೀನಿ, ಆರು ದಿನಕ್ಕೇನೂ ಆಗಲ್ಲ ಅಂತ.

ತಿಂಗಳಿಗೊಮ್ಮೆ ಅಂಗನವಾಡಿಗೆ ಬಂದು ಲಸಿಕೆ ಹಾಕುತ್ತಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಮನೆಯಿಂದ ನಡೆದರೆ ಇಪ್ಪತ್ತು ನಿಮಿಷ. 600 ರೂಪಾಯಿ ಜೀಪು!

ಅಂಗನವಾಡಿಯಲ್ಲಿ ನೋಡಿದ್ದು ಚೆನ್ನಾಗಿ ನೆನಪಿದೆ. ನೀಲಿ ಬಣ್ಣದ ಪೆಟ್ಟಿಗೆ, ಒಳಗೆ ನಾಲ್ಕು ಕಡೆ ಐಸ್ ಪ್ಯಾಕ್, ಮಧ್ಯೆ ಬಾಟಲಿಗಳು. ಎರಡು ದಿನದಿಂದ ಕರೆಂಟ್ ಇರಲಿಲ್ಲ, ಹಾಗಾಗಿ ಈ ಲಸಿಕೆ ಕೆಟ್ಟಿಲ್ಲ ತಾನೇ ಅಂತ ಸಂಕೋಚದಿಂದಲೇ ಕೇಳಿದೆ. ಸಿಸ್ಟರ್ ಬೇಜಾರು ಮಾಡಿಕೊಳ್ಳದೆ ಬಾಟಲಿ ಕಣ್ಣಿಗೆ ಹತ್ತಿರ ಹಿಡಿದರು. ಲೇಬಲ್ ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೆ ಸಾಸಿವೆಯಷ್ಟು ಬಿಳಿ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತಂತೆ, ಸುತ್ತಲಿನ ವೃತ್ತದ ಬಣ್ಣಕ್ಕೆ ಬಂದರೆ ಆ ಬಾಟಲಿ ಎಸೆಯಬೇಕು. ನಮ್ಮದು ಬೆಳ್ಳಗೇ ಇತ್ತು. ಲಸಿಕೆ ಇಡುವ ಫ್ರಿಜ್ಜು ಮನೆಯದ್ದರ ಥರ ಅಲ್ಲ, ಸುತ್ತ ಐಸ್ ಇರುತ್ತೆ, ಮುಚ್ಚಳ ತೆಗೆಯದಿದ್ದರೆ ಕರೆಂಟ್ ಹೋದರೂ ತುಂಬಾ ಹೊತ್ತು ತಣ್ಣಗಿರುತ್ತೆ, ದಿನಕ್ಕೆ ಎರಡು ಸಲ ಉಷ್ಣತೆ ನೋಡಿ ಬರೆದಿಡುತ್ತೇವೆ, 2ರಿಂದ 8 ಡಿಗ್ರಿ ಒಳಗೇ ಇರಬೇಕು ಅಂತಲೂ ಹೇಳಿದರು. ನಿಮಗೂ ಅನುಮಾನ ಬಂದರೆ ಕೇಳಿ, ಕೇಳೋದರಲ್ಲಿ ತಪ್ಪೇನಿಲ್ಲ ಅಲ್ವಾ.

ನಮ್ಮ ಮುಂದೆ ಒಬ್ಬ ಹೆಂಗಸು ಕೂತಿದ್ದಳು. ಹತ್ತಿರದ ಎಸ್ಟೇಟಿನ ಕೆಲಸಗಾರರ ಲೈನ್ ಮನೆಯವಳು, ಅಸ್ಸಾಂ ಕಡೆಯವಳು. ಕೈಯಲ್ಲಿ ಫೈಲಿಲ್ಲ, ಆಧಾರ್ ಇಲ್ಲ, ಕನ್ನಡ ಬರಲ್ಲ. ಆಶಾ ಅಕ್ಕ ಲೈನ್ ಮನೆಗೆ ಹೋಗಿ ಕೈಹಿಡಿದು ಕರೆತಂದಿದ್ದರು. ಅವಳ ಮಗುವಿಗೆ ಐದು ನಿಮಿಷದಲ್ಲಿ ಲಸಿಕೆ ಆಯಿತು. ಸ್ಮಾರ್ಟ್‌ಫೋನು, ಆನೆ ಚಿಟ್ಟೆ ಫೈಲು ಎಲ್ಲ ಇಟ್ಟುಕೊಂಡು ಒಂದೂವರೆ ತಿಂಗಳು ಅಲೆದ ನಾನು ಸುಮ್ಮನೆ ನೋಡುತ್ತಾ ಕೂತಿದ್ದೆ.

ಪುಟ್ಟಿಗೆ ಎಡ ತೊಡೆಗೆ ಪೆಂಟಾ, ಬಲ ತೊಡೆಗೆ ಪಿಸಿವಿ, ಬಲ ತೋಳಿಗೆ ಪೋಲಿಯೋ ಇಂಜೆಕ್ಷನ್, ಬಾಯಿಗೆ ಎರಡು ಹನಿ. ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡರು. ಏನಾದರೂ ಅಲರ್ಜಿ ಆದರೆ ನೋಡೋಕೆ ಅಂತ, ಎದ್ದು ಓಡಬೇಡಿ. ಜ್ವರದ ಔಷಧಿಯನ್ನು ಮಗುವಿನ ತೂಕ ನೋಡಿ ಎಷ್ಟು ಕೊಡಬೇಕು ಅಂತ ಬರೆದುಕೊಟ್ಟರು. ರಾತ್ರಿ ಹನ್ನೊಂದಕ್ಕೆ ಮೈ ಕಾದ ಕಾವಲಿ. ಟಾರ್ಚ್ ಹಿಡಿದು ಔಷಧಿ ಅಳೆದೆ. ಸೂಜಿ ಚುಚ್ಚಿದ ಜಾಗಕ್ಕೆ ಎಣ್ಣೆ ಉಜ್ಜೋಣ ಅಂತ ಅತ್ತೆ, ಬೇಡ ಅಂತ ನಾನು. ಉಜ್ಜಬಾರದು ಅಂತ ಸಿಸ್ಟರ್ ಮೊದಲೇ ಹೇಳಿದ್ದರು, ಅವರ ಹೆಸರು ಹೇಳಿದ ಮೇಲೆ ಅತ್ತೆ ಒಪ್ಪಿದರು. ಮಾರನೇ ದಿನ ಮಧ್ಯಾಹ್ನಕ್ಕೆ ಪುಟ್ಟಿ ನಗುತ್ತಿದ್ದಳು.

ಖರ್ಚಿನ ಲೆಕ್ಕ ಕೇಳುವವರಿಗೆ: ಬೆಂಗಳೂರಿನಲ್ಲಿ ಎರಡು ಸಲಕ್ಕೆ ಕೊಟ್ಟದ್ದು ಹದಿನೆಂಟು ಸಾವಿರದ ಹತ್ತಿರ. ಇಲ್ಲಿ ಲಸಿಕೆಗೆ ಒಂದು ರೂಪಾಯಿ ಇಲ್ಲ, ಖರ್ಚಾಗಿದ್ದು ಜೀಪಿಗೆ, ಜೆರಾಕ್ಸಿಗೆ, ಬಸ್ಸಿಗೆ. ಹೆಂಗಸರಿಗೆ ಬಸ್ ಫ್ರೀ ಅಲ್ವಾ ಅಂತ ಬೆಂಗಳೂರಿನ ಗೆಳತಿಯರು ಕೇಳುತ್ತಾರೆ. 2023ರಿಂದ ಫ್ರೀ ಇರೋದು ಸರ್ಕಾರಿ ಬಸ್ಸಿನಲ್ಲಿ, ನಮ್ಮ ರಸ್ತೆಗೆ ಬರೋದು ಪ್ರೈವೇಟ್ ಬಸ್ಸು. ಜೊತೆಗೆ ಒಯ್ಯಬೇಕಾದ್ದು ಜನನ ಪ್ರಮಾಣಪತ್ರ, ತಾಯಿಯ ಆಧಾರ್, ಡಿಸ್ಚಾರ್ಜ್ ಹಾಳೆ, ಹಳೇ ಲಸಿಕೆ ಫೈಲು. ಮಗುವಿಗೆ ಆಧಾರ್ ಇಲ್ಲ ಅಂತ ನಮ್ಮನ್ನು ಯಾರೂ ತಡೆಯಲಿಲ್ಲ. ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿಡಿ, ನಮ್ಮ ಊರಿನ ಮಳೆಗೆ ಇಂಕು ನಿಲ್ಲಲ್ಲ.

ಅಕ್ಟೋಬರ್‌ದು ಸಲೀಸು. ತಲಕಾವೇರಿ ತೀರ್ಥೋದ್ಭವದ ವಾರ, ಮಳೆ ಬಿಟ್ಟು ಬಿಸಿಲು ಬಂದಿತ್ತು. ಡ್ಯೂ ಲಿಸ್ಟಲ್ಲಿ ಮೂರನೇ ಹೆಸರು ಪುಟ್ಟಿಯದ್ದು, ನೋಡಿ ಖುಷಿಯಾಯಿತು. ದಡಾರ ರುಬೆಲ್ಲಾ ಲಸಿಕೆ ಪುಡಿ ಇರುತ್ತೆ, ನೀರು ಬೆರೆಸಿ ಕರಗಿಸಿದ ಮೇಲೆ 4 ಗಂಟೆ ಒಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಹಾಗಾಗಿ ಸಿಸ್ಟರ್ ಬಾಟಲಿ ಮೇಲೆ ಪೆನ್ನಿನಿಂದ ಟೈಮ್ ಬರೆದುಕೊಂಡರು, 10.20. ಹೇಳಿದ ಹೊತ್ತಿಗೆ ಹೋಗಿ ಅನ್ನೋದು ಇದಕ್ಕೇ. ಜೊತೆಗೆ ಪಿಸಿವಿ, ಪೋಲಿಯೋದ್ದು ಎಡ ತೋಳಿಗೆ, ಚಮಚದಲ್ಲಿ ಸ್ವಲ್ಪ ವಿಟಮಿನ್ ಎ. ಅದನ್ನು ಮಾತ್ರ ಪುಟ್ಟಿ ಚಪ್ಪರಿಸಿದಳು. ಕಾರ್ಡಿನಲ್ಲಿ ಮುಂದಿನ ತಾರೀಖು 16 ತಿಂಗಳು ತುಂಬಿದ ಮೇಲಿನದು, ಅಂದರೆ ಮತ್ತೆ ಮಳೆ ಹಿಡಿಯುವ ಮುಂಚೆ.

ದಾಖಲೆಯಲ್ಲಿ ಇವತ್ತಿಗೂ ಅಮ್ಮನ ನಂಬರೇ ಇದೆ. ಬದಲಾಯಿಸಲು ಹೋಗಲಿಲ್ಲ. ಲಸಿಕೆಯ ಮೆಸೇಜ್‌ಗಳೆಲ್ಲ ಅರಕಲಗೂಡಿಗೆ ಹೋಗುತ್ತವೆ, ಅವಳು ಕನ್ನಡಕ ಹುಡುಕಿ ಓದಿ ನನಗೆ ಫೋನ್ ಮಾಡುತ್ತಾಳೆ. ಹೋದ ಬುಧವಾರ ಸಂಜೆಯೂ ಮಾಡಿದಳು. “ನಾಳೆ ಲಸಿಕೆ ಅಂತ ಬಂದಿದೆ. ಇದರಲ್ಲಿ ಒಟಿಪಿ ಇಲ್ಲ, ಅದಕ್ಕೇ ಹೇಳ್ತಿದೀನಿ.”